ಟ್ರಂಪ್ ಗ್ರ್ಯಾಂಡ್ ಜ್ಯೂರಿ ಮುಂದೆ ಹೋಗ್ದೇ ಇದ್ದಿದ್ದು ಸಮನ್ಸ್ ಉಲ್ಲಂಘನೆ ಅಲ್ಲ

2023ರ ಮಾರ್ಚಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಗ್ರ್ಯಾಂಡ್ ಜ್ಯೂರಿ (ಕೇಸ್ ನಡೆಸೋಕೆ ಸಾಕಷ್ಟು ಆಧಾರ ಇದ್ಯಾ ಅಂತ ಮೊದ್ಲು ನೋಡೋ ನಾಗರಿಕರ ತಂಡ) ಕರೆದ್ರೂ ಟ್ರಂಪ್ ಹೋಗ್ಲಿಲ್ಲ, ಕೋರ್ಟ್ ಸಮನ್ಸ್‌ಗೇ ಕೇರ್ ಮಾಡ್ಲಿಲ್ಲ ಅಂತ ಒಂದು ಮೆಸೇಜ್ ಓಡಾಡ್ತಿದೆ. ತಪ್ಪು. ಅದು ಸಮನ್ಸೇ ಅಲ್ಲ, ಬೇಕಿದ್ರೆ ಬಂದು ಹೇಳಿಕೆ ಕೊಡಬಹುದು ಅನ್ನೋ ಅವಕಾಶ ಅಷ್ಟೇ. ನ್ಯೂಯಾರ್ಕ್ ಕಾನೂನಲ್ಲಿ ಆರೋಪಿ ಆಗೋ ಸಾಧ್ಯತೆ ಇರೋರಿಗೆ ಇದು ಹಕ್ಕು, ಬಳಸ್ಕೊಳ್ದೇ ಇದ್ರೆ ಅಪರಾಧ ಅಲ್ಲ.

ಆದ್ರೆ ಹೋಗೋದಾದ್ರೆ ಮೊದ್ಲು ಇಮ್ಯೂನಿಟಿ (ಹೇಳಿಕೆ ಕೊಟ್ಟ ವಿಚಾರಕ್ಕೆ ಕೇಸ್ ಹಾಕದ ಹಾಗೆ ಇರೋ ರಕ್ಷಣೆ) ಬಿಟ್ಕೊಡ್ತೀನಿ ಅಂತ ಸೈನ್ ಹಾಕ್ಬೇಕು, ಒಳಗೆ ಲಾಯರ್ ಪಕ್ಕದಲ್ಲಿ ಕೂತು ತನ್ನ ಕಕ್ಷಿದಾರನಿಗೆ ಸಲಹೆ ಕೊಡಬಹುದು ಅಷ್ಟೇ, ಎದ್ದು ಆಬ್ಜೆಕ್ಷನ್ ಅನ್ನೋ ಹಾಗಿಲ್ಲ, ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲ) ಕೇಳಿದ್ದಕ್ಕೆಲ್ಲ ಪ್ರಮಾಣ ಮಾಡಿ ಉತ್ತರ ಕೊಡ್ತಾ ಹೋಗ್ಬೇಕು, ಹೇಳಿದ್ದೆಲ್ಲ ಮುಂದೆ ಅವರ ವಿರುದ್ಧಾನೇ ಬರಬಹುದು. ಫೆಡರಲ್ (ಕೇಂದ್ರದ) ಗ್ರ್ಯಾಂಡ್ ಜ್ಯೂರಿಲಂತೂ ಸಾಕ್ಷಿಯ ಲಾಯರ್‌ಗೆ ರೂಮೊಳಗೆ ಪ್ರವೇಶಾನೇ ಇಲ್ಲ.

ಅಮೆರಿಕದ ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ವಿಷ್ಯ ನೋಡಿ. 1998ರ ಆಗಸ್ಟ್ 17ಕ್ಕೆ ವೈಟ್ ಹೌಸಿಂದಾನೇ ವಿಡಿಯೋದಲ್ಲಿ ಗ್ರ್ಯಾಂಡ್ ಜ್ಯೂರಿಗೆ ಹೇಳಿಕೆ ಕೊಟ್ರು, ಅದೇ ಹೇಳಿಕೇಲಿ ಸುಳ್ಳು ಹೇಳಿದ್ರು ಅನ್ನೋ ಆರೋಪದ ಮೇಲೆ ಡಿಸೆಂಬರಲ್ಲಿ ಹೌಸ್, ಅಂದ್ರೆ ಸಂಸತ್ತಿನ ಕೆಳಮನೆ, ಅವರನ್ನ ಇಂಪೀಚ್ ಮಾಡ್ತು, ಅಂದ್ರೆ ಅಧಿಕೃತವಾಗಿ ಆರೋಪ ಹೊರಿಸ್ತು (ಮೇಲ್ಮನೆ ಸೆನೆಟ್ ಆಮೇಲೆ ಖುಲಾಸೆ ಮಾಡ್ತು). ರಾಜಕಾರಣಿಗಳಿಗೆ ಲಾಯರ್‌ಗಳು ಹೋಗ್ಬೇಡಿ ಅನ್ನೋದಕ್ಕೆ ಇಂಥದ್ದೇ ಕಾರಣ.

ಇನ್ನೊಂದು, 2023ರ ಮಾರ್ಚ್ 30ಕ್ಕೆ ಗ್ರ್ಯಾಂಡ್ ಜ್ಯೂರಿ ಟ್ರಂಪ್‌ನ ಅಪರಾಧಿ ಅಂತ ಹೇಳ್ಲಿಲ್ಲ, ಕೇಸ್ ನಡೆಸೋಕೆ ಸಾಕಷ್ಟು ಆಧಾರ ಇದೆ ಅಂತ ಮಾತ್ರ ಹೇಳ್ತು. 34 ಆರೋಪಗಳಲ್ಲಿ ತಪ್ಪಿತಸ್ಥ ಅಂದಿದ್ದು 2024ರ ಮೇ 30ಕ್ಕೆ, ಬೇರೇನೇ 12 ಜನರ ಜ್ಯೂರಿ. ಟ್ರಂಪ್ ಇಷ್ಟಾನೋ ಕಷ್ಟಾನೋ, ಇವೆರಡನ್ನ ಕಲಸಿ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು.