ಸ್ಪಷ್ಟನೆ: ಹಳ್ಳಿಯಲ್ಲಿದ್ದ ಮಾತ್ರಕ್ಕೆ ಮಧುಮೇಹ ದೂರವೇ?

‘ಕುಚ್ಚಲಕ್ಕಿ ಗಂಜಿ ಉಂಡು ತೋಟದಲ್ಲಿ ದುಡಿಯುವ ಹಳ್ಳಿಯವರಿಗೆ ಸಕ್ಕರೆ ಕಾಯಿಲೆ ಬಾರದು, ವ್ಯಾಯಾಮವೂ ಬೇಡ’ ಎಂಬ ಸಂದೇಶ ಉಡುಪಿ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಲ್ಲಿ ಮಧುಮೇಹಿಗಳ ಪ್ರಮಾಣ ನಗರಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9 ಇದ್ದುದು ನಿಜವಾದರೂ, ಮಧುಮೇಹದ ಹೊಸ್ತಿಲಲ್ಲಿರುವವರು ಎರಡೂ ಕಡೆ ಸುಮಾರು ಶೇ 15ರಷ್ಟಿದ್ದರು.

ಸಂದೇಶ ಬರೆದವರು ಇಂದಿನ ಹಳ್ಳಿಮನೆಯನ್ನು ನೋಡಿದಂತಿಲ್ಲ. ಕಡೆಯುವ ಕಲ್ಲಿನ ಜಾಗಕ್ಕೆ ಗ್ರೈಂಡರ್, ಬಾವಿಯ ಹಗ್ಗದ ಜಾಗಕ್ಕೆ ಪಂಪು, ನೇಗಿಲಿನ ಜಾಗಕ್ಕೆ ಟಿಲ್ಲರ್ ಬಂದಿದ್ದರೂ, ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಎಂಬ ಅಕ್ಕಿಯ ಪಾಲು ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಉಳಿದಿದೆ. ತವಡು ಉಳಿಸಿಕೊಂಡ ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಮೇಲು ಎಂಬುದರಲ್ಲಿ ತಕರಾರಿಲ್ಲ. ಎಷ್ಟು ಬಟ್ಟಲು ಉಣ್ಣುತ್ತೇವೆ, ಜೊತೆಗೆ ಎಷ್ಟು ಉಪ್ಪಿನಕಾಯಿ, ಒಣಮೀನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ.

ಅದೇ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಷ್ಟಾದರೂ ಚಟುವಟಿಕೆ ಬೇಕೆನ್ನುತ್ತದೆ. ತೋಟದ ದುಡಿಮೆಯೂ ಇದಕ್ಕೆ ಸೇರುತ್ತದೆ, ಆದರೆ ದುಡಿಯುವವರಿಗೆ ಮಾತ್ರ. ಉಳಿದವರು ನಡೆಯೋಣವೆಂದರೆ ಕಾಲುದಾರಿಯಿಲ್ಲದ ಕಿರಿದಾದ ರಸ್ತೆ, ಬೀದಿದೀಪವಿಲ್ಲದ ತಿರುವು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ ಎದುರಾಗುತ್ತವೆ.