ಮಗಳನ್ನು ದೂರ ಕಳಿಸುವ ಊರು

ಕಳೆದ ವಾರ ಪಕ್ಕದ ಮನೆಯವರು ಸಂಜೆ ಬನ್ನಿ ಎಂದು ಕರೆದಿದ್ದರು. ಅವರ ಎರಡನೇ ಮಗಳಿಗೆ ಮಿಷನ್ ಪತ್ರ ಬಂದಿತ್ತು. ಮಿಷನ್ ಅಂದರೆ ಊರು ಬಿಟ್ಟು ಹೋಗಿ ತಮ್ಮ ಚರ್ಚಿನ ಪರವಾಗಿ ಮಾಡುವ ಧರ್ಮಪ್ರಚಾರ. ಎಲ್ಲಿಗೆ ಹೋಗಬೇಕು ಎಂದು ಆ ಪತ್ರ ಹೇಳುತ್ತದೆ. ಪತ್ರ ಈಗ ಅಂಚೆಯಲ್ಲಿ ಬರುವುದಿಲ್ಲ, ಕಂಪ್ಯೂಟರಿನಲ್ಲೇ ಬರುತ್ತದೆ. ಆದರೂ ಅದನ್ನು ಒಬ್ಬರೇ ಕೂತು ತೆರೆಯುವುದು ಕಡಿಮೆ. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರು, ಹುಡುಗಿಯ ಗೆಳತಿಯರು ಎಲ್ಲ ಸೇರಿ ಹಾಲ್ ತುಂಬಿತ್ತು. ಹುಡುಗಿಗೆ ಹದಿನೆಂಟು. ಗಟ್ಟಿಯಾಗಿ ಓದಿದಳು. ಫಿಲಿಪ್ಪೀನ್ಸ್ ದೇಶದ ಸೆಬು. ಒಂದೂವರೆ ವರ್ಷ. ಮನೆಯೆಲ್ಲ ಚಪ್ಪಾಳೆ. ಅಮ್ಮನ ಕಣ್ಣಲ್ಲಿ ನೀರು. ಅಪ್ಪ ಮಾತ್ರ ಮಗಳಿಗೆ ರ‍್ಯಾಂಕ್ ಬಂದ ಹಾಗೆ ಬಂದವರ ಕೈ ಕುಲುಕುತ್ತಾ ಓಡಾಡುತ್ತಿದ್ದರು.

ಅದೇ ವಾರ ಕಡೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಅವಳ ಮಗಳು ಮನೆಯಿಂದಲೇ ಓಡಾಡಿಕೊಂಡು ಬಿ.ಎಸ್ಸಿ. ಮುಗಿಸಿದ್ದಾಳೆ. ಎಂ.ಎಸ್ಸಿ. ಕೆಮಿಸ್ಟ್ರಿಗೆ ಧಾರವಾಡದಲ್ಲಿ ಸೀಟು ಸಿಕ್ಕಿದೆ. ನಾನು ಖುಷಿಪಟ್ಟು ಮಾತು ಮುಗಿಸುವಷ್ಟರಲ್ಲಿ ಅಕ್ಕ ಅಂದಳು: "ಅವರಪ್ಪ ಬೇಡ ಅಂದ್ರು ಕಣೆ. ಅಷ್ಟು ದೂರ ಬಿಟ್ಟು ನಾವಿಲ್ಲಿ ನಿದ್ದೆ ಮಾಡೋಕಾಗುತ್ತಾ? ಒಳ್ಳೆ ಕಡೆಯಿಂದ ಜಾತಕನೂ ಬಂದಿದೆ." ಆಮೇಲೆ ಹುಡುಗಿಯೇ ಫೋನ್ ಇಸ್ಕೊಂಡು, "ಚಿಕ್ಕಮ್ಮ, ನೀನಾದ್ರೂ ಅಪ್ಪನಿಗೆ ಒಂದು ಮಾತು ಹೇಳು" ಅಂದಳು. ಕಡೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಧಾರವಾಡದಲ್ಲಿರಬಹುದು. ಅದು ದೂರ!

ನಾನಿರುವುದು ಅಮೆರಿಕದ ಯೂಟಾ ರಾಜ್ಯದ ಲೀಹೈಯಲ್ಲಿ. ಸಾಲ್ಟ್ ಲೇಕ್ ಸಿಟಿಗೂ ಪ್ರೊವೊಗೂ ನಡುವಿನ ಊರು. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ನಮ್ಮಂಥವರು ಬಂದು ಸೇರಿಕೊಂಡಿದ್ದೇವೆ, ಆದರೆ ನಮ್ಮ ಬೀದಿಯಲ್ಲಿ ಹೆಚ್ಚಿನ ಮನೆಗಳು ಮಾರ್ಮನ್ನರವೇ. ಅಮೆರಿಕದಲ್ಲೇ ಹುಟ್ಟಿದ, ಸಾಲ್ಟ್ ಲೇಕ್ ಸಿಟಿಯಲ್ಲಿ ಮುಖ್ಯ ಕಚೇರಿ ಇರುವ ಕ್ರೈಸ್ತ ಪಂಥ ಇವರದು. ಇವರನ್ನು ಅಮೆರಿಕದವರು, ಸ್ವಚ್ಛಂದದವರು ಎಂದುಕೊಂಡರೆ ತಪ್ಪಾಗುತ್ತದೆ. ಕಾಫಿ ಇಲ್ಲ, ಟೀ ಇಲ್ಲ, ಬಿಯರ್ ಅಂತೂ ಇಲ್ಲವೇ ಇಲ್ಲ. ಭಾನುವಾರ ಚರ್ಚು. ಮದುವೆಗೆ ಮುಂಚೆ ಹುಡುಗ ಹುಡುಗಿ ಹೇಗಿರಬೇಕು ಎಂಬುದರಲ್ಲಿ ನಮ್ಮ ಭಾವನಿಗಿಂತ ಕಟ್ಟುನಿಟ್ಟು. ಬೇಗ ಮದುವೆ, ಕೈತುಂಬ ಮಕ್ಕಳು ಎಂದರೆ ಇವರಿಗೂ ಸಂತೋಷ. ಅದಕ್ಕೇ ಅವತ್ತಿನ ಚಪ್ಪಾಳೆ ನನ್ನನ್ನು ಚುಚ್ಚಿತು. ಮಗಳ ಮಾನ ಮರ್ಯಾದೆ ಇವರಿಗೆ ನಮಗಿಂತ ಕಡಿಮೆ ಏನಲ್ಲ. ಆದರೂ ಕಳಿಸುತ್ತಾರೆ. ಅದೂ ಎಲ್ಲಿಗೆ ಎಂದು ತಾವು ಆರಿಸಿಕೊಳ್ಳದೆ. ಅರ್ಜಿ ಹಾಕುವುದಷ್ಟೇ ಹುಡುಗಿಯ ಕೆಲಸ. ಬ್ರೆಜಿಲ್ಲೋ ತೈವಾನೋ ಪಕ್ಕದ ಐಡಹೋ ರಾಜ್ಯವೋ, ಸಾಲ್ಟ್ ಲೇಕ್‌ನಲ್ಲಿರುವ ಚರ್ಚಿನ ಹಿರಿಯರು ಹೇಳಿದ ಕಡೆ ಹೋಗಬೇಕು.

ಇದು ಮೊದಲಿನಿಂದ ಹೀಗೇ ಇತ್ತಾ ಎಂದರೆ ಇಲ್ಲ. ಮದುವೆಯಾಗದ ಹುಡುಗಿಯರನ್ನು ಇವರು ಅಧಿಕೃತವಾಗಿ ಮಿಷನ್‌ಗೆ ಕಳಿಸಿದ್ದು 1898ರಲ್ಲಿ. ಪ್ರೊವೊದ ಇನೆಜ್ ನೈಟ್ ಮತ್ತು ಜೆನ್ನಿ ಬ್ರಿಮ್‌ಹಾಲ್ ಎಂಬ ಗೆಳತಿಯರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಇವರಲ್ಲಿ ಬಹುಪತ್ನಿತ್ವ ಇದ್ದ ಕಾಲದ ಕಥೆಗಳು ಇಂಗ್ಲೆಂಡಿನಲ್ಲಿ ಇನ್ನೂ ಓಡಾಡುತ್ತಿದ್ದವು. ಯೂಟಾದಲ್ಲಿ ಹೆಂಗಸರನ್ನು ಕೂಡಿಹಾಕುತ್ತಾರೆ ಎಂದು ಜನ ನಂಬಿದ್ದರು. ಗಂಡಸರು ಎಷ್ಟು ಅಲ್ಲಗಳೆದರೂ ಯಾರು ಕೇಳಬೇಕು? 1897ರಲ್ಲಿ ಯೂಟಾದವರೇ ಆದ ಎಲಿಜಬೆತ್ ಮೆಕ್ಯೂನ್ ಎಂಬಾಕೆ ಲಂಡನ್ನಿನಲ್ಲಿ ಇದೇ ಚರ್ಚಿನ ಸಭೆಯೊಂದರಲ್ಲಿ ಎದ್ದು ನಿಂತು ಯೂಟಾದ ಹೆಂಗಸರ ಬಗ್ಗೆ ಮಾತಾಡಿದರು. ಆ ಮಾತನ್ನು ಜನ ಕೇಳಿದರು. ಆಗ ಅಲ್ಲಿನ ಮಿಷನ್ ಹಿರಿಯರಿಗೆ, ನಮಗೆ ಹೆಣ್ಣುಮಕ್ಕಳನ್ನೇ ಕಳಿಸಿ ಎಂದು ಕೇಳಬೇಕು ಅನಿಸಿತು.

ಹಾಗೆ ಬಾಗಿಲು ತೆರೆದರೂ ಹೋಗುವವರು ಕಡಿಮೆಯೇ ಇದ್ದರು. ಹುಡುಗರಿಗೆ ಹತ್ತೊಂಬತ್ತಕ್ಕೆ ಹೊರಡಬಹುದಿತ್ತು, ಹುಡುಗಿಯರು ಇಪ್ಪತ್ತೊಂದರವರೆಗೆ ಕಾಯಬೇಕಿತ್ತು. ಇಪ್ಪತ್ತೊಂದು ಅಂದರೆ ಏನು ಎಂದು ನಮಗೆ ಹೇಳಿಕೊಡಬೇಕಾ? ಡಿಗ್ರಿ ಮುಗಿಯುವ ವಯಸ್ಸು, ಗಂಡು ನೋಡುವ ವಯಸ್ಸು. ಇಲ್ಲೂ ಅಷ್ಟರಲ್ಲಿ ಎಷ್ಟೋ ಹುಡುಗಿಯರಿಗೆ ನಿಶ್ಚಿತಾರ್ಥವಾಗಿರುತ್ತಿತ್ತು. ಹಾಗಾಗಿ ಮಿಷನ್‌ಗೆ ಹೊರಟವಳೆಂದರೆ ಗಂಡು ಸಿಗದವಳು ಎಂಬ ಕುಹಕ ಬೇರೆ. ಪಕ್ಕದ ಮನೆಯ ತಾಯಿ ತಮ್ಮ ಕಾಲದಲ್ಲಿ ಆ ಮಾತಿಗೆ ಹೆದರಿಯೇ ಅರ್ಜಿ ಹಾಕಲಿಲ್ಲವಂತೆ. ಅವತ್ತು ಅವರ ಕಣ್ಣಲ್ಲಿ ನೀರು ಬಂದದ್ದು ಮಗಳು ಹೊರಟಿದ್ದಕ್ಕೆ ಮಾತ್ರ ಅಲ್ಲ ಅನಿಸುತ್ತದೆ.

2012ರ ಅಕ್ಟೋಬರ್ 6ರಂದು ಚರ್ಚಿನ ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ಅದರ ಮಹಾಸಭೆಯಲ್ಲಿ ಒಂದು ಘೋಷಣೆ ಮಾಡಿದರು. ಇನ್ನು ಮುಂದೆ ಹುಡುಗರು ಹದಿನೆಂಟಕ್ಕೆ, ಹುಡುಗಿಯರು ಹತ್ತೊಂಬತ್ತಕ್ಕೆ ಹೋಗಬಹುದು. ಅಷ್ಟೇ. ವಾರಕ್ಕೆ ಸುಮಾರು 700 ಅರ್ಜಿ ಬರುತ್ತಿದ್ದ ಕಡೆ 4,000 ಬರತೊಡಗಿದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರವು. 58,000 ಚಿಲ್ಲರೆ ಇದ್ದ ಮಿಷನರಿಗಳು ಸುಮಾರು ಒಂದು ವರ್ಷದಲ್ಲಿ 80,000 ದಾಟಿದರು. 2025ರ ನವೆಂಬರಿನಲ್ಲಿ ಹುಡುಗಿಯರ ವಯಸ್ಸನ್ನೂ ಹದಿನೆಂಟಕ್ಕೆ ಇಳಿಸಿದ್ದಾರೆ.

ಈ ಹುಡುಗಿಯರಿಗೆ ಆಸೆ ಮೊದಲೇ ಇತ್ತು. ಅಪ್ಪ ಅಮ್ಮಂದಿರ ಪ್ರೀತಿಯೂ ಅಷ್ಟೇ ಇತ್ತು. ತಡೆದದ್ದು ಎರಡು ವರ್ಷದ ಒಂದು ನಿಯಮ. ಅದನ್ನು ಮಾಡಿದವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು, ಅವರೇ ಎದ್ದು ನಿಂತು ತೆಗೆದರು. ನಮ್ಮ ಕಡೂರಿನಲ್ಲಿ ಹೆಣ್ಣುಮಗಳನ್ನು ಧಾರವಾಡಕ್ಕೆ ಕಳಿಸಬಾರದು ಎಂದು ನಿಯಮ ಮಾಡಿದವರು ಯಾರು? ಯಾರೂ ಅಲ್ಲ. ಭಾವನನ್ನು ಕೇಳಿದರೆ ಜನ ಏನಂತಾರೆ ಅನ್ನುತ್ತಾರೆ. ಆ ಜನರನ್ನು ಕೇಳಿದರೆ ಅವರ ಮನೆಯಲ್ಲೂ ಒಬ್ಬಳು ಹುಡುಗಿ ಅದೇ ಮಾತು ಕೇಳಿಕೊಂಡು ಕೂತಿರುತ್ತಾಳೆ. ಬರೆದಿಲ್ಲದ ನಿಯಮವನ್ನು ಯಾರ ಹತ್ತಿರ ಹೋಗಿ ತೆಗೆಸುವುದು? ಹಾಗಾಗಿ ನಮ್ಮಲ್ಲಿ ಒಬ್ಬೊಬ್ಬ ಹುಡುಗಿಯೂ ತನ್ನ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಜಗಳ ಆಡಬೇಕು. ಅಕ್ಕ ಗೆದ್ದರೆ ತಂಗಿಗೆ ಸ್ವಲ್ಪ ಸುಲಭ. ಪಕ್ಕದ ಮನೆಯವಳು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದು ನನಗೆ ಸಹಿಸಲಾಗದ ಅನ್ಯಾಯ ಅನಿಸುತ್ತದೆ.

ಹೋಗಿ ಬಂದ ಹುಡುಗಿಯರನ್ನು ನಾನು ಆಫೀಸಿನಲ್ಲಿ ದಿನಾ ನೋಡುತ್ತೇನೆ. ನಮ್ಮ ಟೀಮಿನಲ್ಲಿ ಒಬ್ಬಳಿದ್ದಾಳೆ, ತೈವಾನಿನಲ್ಲಿದ್ದು ಬಂದವಳು. ಚೀನೀ ಭಾಷೆ ನೀರು ಕುಡಿದಷ್ಟು ಸಲೀಸು. ಸಿಟ್ಟಾದ ಗ್ರಾಹಕರ ಫೋನ್ ಬಂದರೆ ಎಲ್ಲರೂ ಅವಳ ಕಡೆ ತಿರುಗುತ್ತಾರೆ. ದಿನವಿಡೀ ಅಪರಿಚಿತರ ಬಾಗಿಲು ತಟ್ಟಿ, ಬೇಡ ಎನಿಸಿಕೊಂಡು, ಮುಂದಿನ ಬಾಗಿಲಿಗೆ ನಗುತ್ತಲೇ ಹೋದವಳಿಗೆ ಫೋನ್ ಯಾವ ಲೆಕ್ಕ? ಇಪ್ಪತ್ತೆರಡರ ಹುಡುಗಿ. ಅಡುಗೆ, ಬಾಡಿಗೆ ಮನೆ, ಜ್ವರ, ಜಗಳ, ಗೊತ್ತಿಲ್ಲದ ಊರಿನ ಬಸ್ಸು ಎಲ್ಲವನ್ನೂ ಅಪ್ಪನನ್ನು ಕೇಳದೆ ನಿಭಾಯಿಸಿ ಬಂದಿದ್ದಾಳೆ. ನನ್ನ ಅಕ್ಕನ ಮಗಳು ಬುದ್ಧಿಯಲ್ಲಿ ಇವಳಿಗೆ ಒಂದು ಕೂದಲೆಳೆಯೂ ಕಡಿಮೆಯಿಲ್ಲ. ಆದರೆ ಒಂದು ರಾತ್ರಿ ಮನೆಯಿಂದ ಹೊರಗೆ ಉಳಿದಿದ್ದರೆ ಅದು ಸೋದರಮಾವನ ಮನೆಯಲ್ಲಿ ಮಾತ್ರ.

ಮಿಷನ್‌ನಲ್ಲಿ ಸ್ವಾತಂತ್ರ್ಯ ಸುರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು ಸಾಮಾನ್ಯ ಕ್ರಮ. ಜೊತೆಗೆ ಇನ್ನೊಬ್ಬ ಹುಡುಗಿ ಸದಾ ಇರಬೇಕು, ಅವಳ ಕಣ್ಣಳತೆ ದಾಟುವಂತಿಲ್ಲ. ಪ್ರೇಮ ಪ್ರೀತಿಗೆ ಅಲ್ಲಿ ಜಾಗವಿಲ್ಲ. ಪ್ಯಾಂಟ್ ಹಾಕಲು ಒಪ್ಪಿಗೆ ಸಿಕ್ಕಿದ್ದೇ 2018ರ ಕೊನೆಯಲ್ಲಿ. 2019ರವರೆಗೆ ಮನೆಗೆ ಫೋನ್ ಮಾಡಲು ಇದ್ದದ್ದು ವರ್ಷಕ್ಕೆ ಎರಡೇ ದಿನ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ಈಗ ವಾರಕ್ಕೊಮ್ಮೆ ಮಾಡಬಹುದು. ಖರ್ಚೂ ಮನೆಯದೇ. ಅಮೆರಿಕದವರಾದರೆ 2020ರಿಂದ ತಿಂಗಳಿಗೆ 500 ಡಾಲರ್ ಕಟ್ಟಬೇಕು.

ಇನ್ನೂ ದೊಡ್ಡ ಕೊರತೆ ಒಂದಿದೆ. ಒಬ್ಬರಿಗೆ ವಾರಗಟ್ಟಲೆ ಪಾಠ ಹೇಳಿ ಧರ್ಮಕ್ಕೆ ಕರೆತಂದವಳು ಈ ಹುಡುಗಿಯೇ ಆದರೂ, ಅವರಿಗೆ ದೀಕ್ಷಾಸ್ನಾನ ಮಾಡಿಸುವುದು ಗಂಡಸೇ. ಹೆಂಗಸರಿಗೆ ಪೌರೋಹಿತ್ಯದ ಅಧಿಕಾರ ಇವರಲ್ಲಿಲ್ಲ. ಪಕ್ಕದಲ್ಲಿ ಅಧಿಕೃತ ಸಾಕ್ಷಿಯಾಗಿ ನಿಲ್ಲಲು ಅವಳಿಗೆ ಅವಕಾಶ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ. 2013ರಲ್ಲಿ ಹುಡುಗಿಯರಿಗೆ ತಮ್ಮದೇ ನಾಯಕಿಯರು ಬಂದರು, ಇತರ ಮಿಷನರಿ ಹುಡುಗಿಯರನ್ನು ತರಬೇತು ಮಾಡುವವರು. ಒಳ್ಳೆಯದೇ. ಆದರೆ ಹದಿನೆಂಟರ ಹುಡುಗನಿಗೆ ಇರುವ ಅಧಿಕಾರ ಅವರಿಗೂ ಇಲ್ಲ. ಈ ಮಾತು ನಮ್ಮ ಆಫೀಸಿನ ಹುಡುಗಿಯ ಹತ್ತಿರ ಎತ್ತಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ನನಗೂ ನೋವಿನ ವಿಷಯ ಅಂದಳು.

ಮತಾಂತರದ ಕೆಲಸವೂ ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಇವರದೊಂದು ಮಂದಿರ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಗಿದೆ. ಪಕ್ಕದ ಮನೆ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಪ್ರೀತಿಯಿಂದ ಅದನ್ನು ನೆನಪಿಸುತ್ತಾರೆ. ನಮ್ಮ ದೇವರು ನಮಗಿದ್ದಾನೆ, ಇಲ್ಲಿ ಸೌತ್ ಜೋರ್ಡನ್‌ನಲ್ಲಿ ಗಣೇಶನ ಗುಡಿಯೂ ಇದೆ ಎಂದು ನಾನೂ ಅಷ್ಟೇ ಪ್ರೀತಿಯಿಂದ ಹೇಳುತ್ತೇನೆ.

ಮತ್ತೆ ನಮ್ಮವರ ಬಗ್ಗೆ ನಾನು ಆಡಿದ್ದರಲ್ಲಿ ಎಲ್ಲ ಮನೆಗಳೂ ಬರುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹಳ್ಳಿಯಿಂದ ಬಂದು ಒಂದು ಕೋಣೆಯಲ್ಲಿ ನಾಲ್ಕು ಜನ ಇರುವ ಹುಡುಗಿಯರಿದ್ದಾರೆ. ಊರು ಬಿಟ್ಟು ಬಂದು ರಾತ್ರಿ ಪಾಳಿ ಮಾಡುವ ನರ್ಸ್‌ಗಳಿದ್ದಾರೆ. ಅವರು ಹೊರಟಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಿಂಗಳ ಖರ್ಚು ಯಾರೂ ಕಟ್ಟಲಿಲ್ಲ. ಬದಲಿಗೆ ಅವರೇ ಮನೆಗೆ ದುಡ್ಡು ಕಳಿಸುತ್ತಾರೆ. ಯೂಟಾದ ಹುಡುಗಿಗಿಂತ ಅವರ ಧೈರ್ಯವೇ ದೊಡ್ಡದು, ಒಪ್ಪುತ್ತೇನೆ. ಗಟ್ಟಿಯಾಗಿ ಹೇಳಿದರೆ ನಮ್ಮಲ್ಲೂ ಕೆಲಸ ಆಗುತ್ತದೆ ಎಂಬುದಕ್ಕೆ ಶಕ್ತಿ ಯೋಜನೆಯೇ ಇದೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡ ಎಂದಾಯಿತು. ನಮ್ಮಮ್ಮ ಯಾರನ್ನೂ ಕೇಳದೆ ಓರಗಿತ್ತಿಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದರು. ಅಲ್ಲಿಯವರೆಗೆ ಅವರು ಅಪ್ಪನಿಲ್ಲದೆ ಜಿಲ್ಲೆ ದಾಟಿದವರಲ್ಲ.

ಹಾಗಿದ್ದ ಮೇಲೆ ನಮ್ಮ ಮಠಗಳು, ಜಾತಿ ಸಂಘಗಳು ಯಾಕೆ ಸುಮ್ನಿವೆ? ಊರೂರಲ್ಲಿ ಹಾಸ್ಟೆಲ್ ಕಟ್ಟಿಸಿದವರು ಅವರೇ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆ ಅಂಕ ತಂದ ಹುಡುಗಿಯರಿಗೆ ವೇದಿಕೆ ಮೇಲೆ ಶಾಲು ಹೊದಿಸುವವರೂ ಅವರೇ. ನಮ್ಮ ಭಾವ ನನ್ನ ಮಾತು ಕೇಳುವುದಿಲ್ಲ, ಆದರೆ ಸ್ವಾಮೀಜಿ ಮಾತು ಕೇಳುತ್ತಾರೆ. ಆ ಶಾಲು ಹೊದಿಸಿದ ಮೇಲೆ ಮೈಕ್ ಹಿಡಿದು, ಅಪ್ಪಂದಿರ ಕಡೆ ನೋಡಿ, ಮಗಳಿಗೆ ಸೀಟು ಎಲ್ಲಿ ಸಿಕ್ಕಿದೆಯೋ ಅಲ್ಲಿಗೆ ಕಳಿಸಿ, ಅಲ್ಲಿ ನಮ್ಮ ಹಾಸ್ಟೆಲ್ ಇದೆ, ಆಮೇಲೆ ಮದುವೆ ಮಾಡಿ ಎಂದು ಹೇಳಬೇಕು. ಈ ವರ್ಷದ ದಾಖಲಾತಿ ಮುಗಿಯುವ ಮುಂಚೆಯೇ ಹೇಳಬೇಕು.