ಹಳೇ ಮನೆ ಕೆಡವುವಾಗ ಬಂಗಾರ ಒಂದನ್ನೇ ಕೇಳ್ತೀರಲ್ಲ

"ಏನರ ಸಿಕ್ತೇನ್ರಿ?"

ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಮಧ್ಯಾಹ್ನದವರೆಗೆ ಈ ಒಂದು ಪ್ರಶ್ನೆ ಕೇಳಿ ಕೇಳಿ ಸಾಕಾಗಿ ಹೋಗಿದೆ. ಊರಲ್ಲಿ ಕಾಕಾನ ಪಾಲಿಗೆ ಬಂದ ವಾಡೆ, ಅಂದರೆ ಹಳೇ ಕಾಲದ ದೊಡ್ಡ ಮನೆ, ಕೆಡವುತ್ತಿದ್ದಾರೆ. ನಿಮ್ಮಲ್ಲಿ ಎಷ್ಟೋ ಮಂದಿ ಆ ಪಡಸಾಲೆಯಲ್ಲಿ ಕೂತು ರೊಟ್ಟಿ ಉಂಡವರು, ಮನೆ ಹೇಗಿತ್ತು ಅಂತ ಹೇಳಬೇಕಿಲ್ಲ. ಕಾಕಾನ ಮಗ ಫೋನ್ ಮಾಡಿ, "ಅಕ್ಕಾ, ಜೆಸಿಬಿ ಬರ್ತೈತಿ, ಕಡೀಗೊಮ್ಮೆ ನೋಡಿ ಹೋಗು" ಅಂದ. ಹೋದೆ. ಎರಡು ದಿನ ಇದ್ದೆ. ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ದಾರಿಯಲ್ಲಿ ಹೋಗುವವರೆಲ್ಲ ನಿಂತು ಅದನ್ನೇ ಕೇಳುತ್ತಾರೆ. ಏನಾದರೂ ಅಂದರೆ ಬಂಗಾರ. ಬೆಳ್ಳಿ ರೂಪಾಯಿ ಆದರೂ ನಡೆಯುತ್ತದೆ. ಬೇರೆ ಏನು ಸಿಕ್ಕರೂ ಅದು ಸಿಕ್ಕ ಲೆಕ್ಕಕ್ಕೇ ಇಲ್ಲ.

ತಲಬಾಗಿಲ ಹೊಸ್ತಿಲು ಎತ್ತಿದಾಗ ಕೆಳಗೆ ಒಂದು ಅರಿವೆಯ ಗಂಟಿತ್ತು. ಮುಟ್ಟಿದರೆ ಪುಡಿಪುಡಿ. ಒಳಗೆ ಕಪ್ಪಗಾದ ಕಾಳು, ಎರಡು ಮುತ್ತು, ನಡುವೆ ತೂತಿರುವ ಒಂದು ಕಾಸು. ಹೊಸ್ತಿಲು ಕೂಡಿಸುವಾಗ ಹೀಗೆ ಹಾಕುವ ಪದ್ಧತಿ ನಿಮಗೂ ಗೊತ್ತು. ಆ ತೂತಿನ ಕಾಸು ಹೊರಟಿದ್ದು 1943ರಲ್ಲಿ, ಯುದ್ಧದ ಕಾಲದಲ್ಲಿ. ಲೋಹ ಉಳಿಯಲಿ ಅಂತ ನಡುವೆ ತೂತು ಹಾಕಿದರು, 1947ರವರೆಗೂ ಅಚ್ಚು ಹಾಕಿದರು. ಮನೆ ಅದಕ್ಕಿಂತ ಎಷ್ಟೋ ಹಳೆಯದು. ಅಂದರೆ ಬಾಗಿಲು ಯಾವಾಗಲೋ ಕೆಟ್ಟು, ಆ ವರ್ಷಗಳಲ್ಲೋ ಆಮೇಲೋ ಅಜ್ಜ ಹೊಸದಾಗಿ ಕೂಡಿಸಿದ್ದಾನೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಕಾಸು ಹೇಳಿತು. ಹುಡುಗನೊಬ್ಬ ಅದನ್ನು ಕೈಯಲ್ಲಿ ಹಿಡಿದು, "ಬಂಗಾರ ಅಲ್ಲ ಬಿಡ್ರಿ" ಅಂತ ಮಣ್ಣಿಗೆ ಎಸೆದ. ಅರ್ಧ ಗಂಟೆ ಹುಡುಕಿ ತೆಗೆದುಕೊಂಡೆ.

ಆಮೇಲೆ ಹನ್ನೊಂದರ ಸುಮಾರಿಗೆ ಜೆಸಿಬಿಯ ಮುಂದಿನ ಗಾಲಿ ಪಡಸಾಲೆಯ ಮೂಲೆಯಲ್ಲಿ ಕುಸಿಯಿತು. ನೋಡಿದರೆ ಕೆಳಗೆ ಚಪ್ಪಡಿ ಕಲ್ಲು, ಅದರ ಕೆಳಗೆ ಕತ್ತಲು. ಐದೇ ನಿಮಿಷಕ್ಕೆ ಅರ್ಧ ಊರು ನೆರೆಯಿತು. ನಿಧಿ ಅಂತ ಪಿಸುಪಿಸು ಶುರುವಾಯಿತು. ಒಬ್ಬ ಆಗಲೇ ಅಂಗಿ ಕಳಚಿ, ಮೊಬೈಲಿನ ಲೈಟು ಹಾಕಿ ಇಳಿಯಲು ಕಾಲು ಹಾಕಿದ್ದ.

ಓಣಿಯ ಹಿರಿಯರೊಬ್ಬರು ಅವನ ರಟ್ಟೆ ಹಿಡಿದು ಎಳೆದರು. "ಹುಚ್ಚಪ್ಪಾ, ಅದು ಹಗೇವು. ಇಳದ್ರ ಹೆಣಾನ ಮ್ಯಾಲ ಬರ್ತೈತಿ." ಒಂದು ಕಂದೀಲು ತರಿಸಿ, ಹಗ್ಗ ಕಟ್ಟಿ ಇಳಿಸಿದರು. ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ದೀಪ ಆರಿಹೋಯಿತು. ನನ್ನ ಮೈ ಜುಮ್ಮೆಂದಿತು.

ಈಗಿನ ಮಕ್ಕಳಿಗೆ ಹಗೇವು ಅನ್ನುವ ಮಾತೇ ಗೊತ್ತಿಲ್ಲ. ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಥೇಟ್ ಗಡಿಗೆಯ ಹಾಗೆ. ಸುತ್ತ ಹುಲ್ಲು, ಕಣಿಕೆ (ಒಣಗಿದ ಜೋಳದ ದಂಟು) ಹಾಸಿ ಜೋಳ ತುಂಬಿ, ಮೇಲೆ ಕಲ್ಲು ಇಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಒಳಗಿರುವ ಕಾಳು ಉಸಿರಾಡಿ ಉಸಿರಾಡಿ ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಅವಸರಕ್ಕೆ ಇಳಿದ ಮನುಷ್ಯನೂ ಬದುಕುವುದಿಲ್ಲ. ಬಾಯಿ ತೆರೆದು ಒಂದು ದಿನವಾದರೂ ಬಿಡಬೇಕು ಅಂತ ಆ ಹಿರಿಯರು ಕಟ್ಟಪ್ಪಣೆ ಮಾಡಿದರು. ಅವರು ಇಲ್ಲದಿದ್ದರೆ ಇವತ್ತು ನಾನು ಬೇರೆಯೇ ಸುದ್ದಿ ಬರೆಯಬೇಕಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಮತ್ತೆ ಕಂದೀಲು ಇಳಿಸಿದರು. ಈ ಸಲ ತಳದವರೆಗೂ ಉರಿಯಿತು. ಒಳಗೆ ಕೊಳೆತು ಕಪ್ಪಾದ ಕಣಿಕೆ, ಒಂದು ಹಿಡಿ ಬೂಸಲು ಹಿಡಿದ ಕಾಳು. ಅಷ್ಟೇ. "ಏನೂ ಇಲ್ಲ" ಅಂದರು. ಹತ್ತು ನಿಮಿಷದಲ್ಲಿ ಗುಂಪು ಖಾಲಿ.

ಏನೂ ಇಲ್ಲ ಅಂತೆ! ನನಗೆ ಸಿಟ್ಟು ಬಂತು. ನಾನು ಹುಟ್ಟಿ ಬೆಳೆದ ಮನೆ. ಆ ಮೂಲೆಯಲ್ಲೇ ಚೌಕಾಬಾರ ಆಡಿದ್ದೇವೆ. ಕಾಲ ಕೆಳಗೆ ಇಷ್ಟು ದೊಡ್ಡ ಕೋಣೆ ಇತ್ತು ಅಂತ ಗೊತ್ತಿರಲಿಲ್ಲ. ಇದಕ್ಕಿಂತ ದೊಡ್ಡದು ಏನು ಸಿಗಬೇಕು?

ನಿಜವಾದ ಸಂಕಟ ಇನ್ನು ಹೇಳುತ್ತೇನೆ. ಮುಖ ತೊಳೆಯಲು ಬಚ್ಚಲಿಗೆ ಹೋದೆ. ಕೆಲಸದ ಹುಡುಗ ಹಂಡೆಯ ಒಲೆಗೆ ಕಾಗದ ಹಾಕುತ್ತಿದ್ದ. ಪಕ್ಕದಲ್ಲಿ ಮಾಸಿದ ಕೆಂಪು ರುಮಾಲು. "ಎಲ್ಲಿತ್ತಪ್ಪಾ ಇದು?" ಅಂದೆ. "ಗ್ವಾಡಿ ಒಳಗ ಒಂದು ಗೂಡು ಮುಚ್ಚಿತ್ರಿ ಯಕ್ಕಾ, ನಿನ್ನೆ ಒಡದಾಗ ಸಿಕ್ತು. ಬರೇ ರದ್ದಿ ಐತ್ರಿ." ಅವನ ತಪ್ಪೇನೂ ಇಲ್ಲ. ಮನೆಯವರೇ ಬಿಚ್ಚಿ ನೋಡಿ, ಬಂಗಾರವಿಲ್ಲ ಅಂತ ಅವನ ಕೈಗೆ ಕೊಟ್ಟಿದ್ದರು.

ಒಲೆಗೆ ಕೈ ಹಾಕಿ ಎಳೆದೆ. ಅರ್ಧಕ್ಕರ್ಧ ಉಳಿಯಿತು. ಹೆಚ್ಚಿನವು ಮೋಡಿ ಲಿಪಿಯಲ್ಲಿವೆ. ನಮ್ಮ ಕಡೆ ಪೇಶ್ವೆಯರ ಕಾಲದಲ್ಲಿ ದಫ್ತರದ ವ್ಯವಹಾರವೆಲ್ಲ ಮರಾಠಿಯಲ್ಲಿ, ಬರೆಯುವುದು ಮೋಡಿಯಲ್ಲಿ. ಆಮೇಲೂ ಎಷ್ಟೋ ಕಾಲ ಅದೇ ರೂಢಿ ನಡೆಯಿತು. ನನಗೆ ಒಂದಕ್ಷರವೂ ಓದಲು ಬರುವುದಿಲ್ಲ. ಆದರೆ ನಾಲ್ಕು ಹಾಳೆ ಕನ್ನಡದಲ್ಲಿದ್ದವು, ಅಜ್ಜನ ಕೈಬರಹ. ರೂಪಾಯಿ, ಆಣೆ, ಪೈ ಅಂತ ಮೂರು ಸಾಲು. ಆಣೆ, ಪೈ ಬದಲಿಗೆ ನಯೇ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನದೇ ಇರಬೇಕು.

ಒಂದು ಹಾಳೆಯ ಮೇಲೆ "ಹಗೇವಿನ ಜೋಳ" ಅಂತ ತಲೆಬರಹ. ಕೆಳಗೆ ಹೆಸರುಗಳು. ಇಂಥವನಿಗೆ ಇಷ್ಟು ಸೇರು ಬೀಜಕ್ಕೆ, ಇಂಥವಳಿಗೆ ಇಷ್ಟು ಸೇರು ಊಟಕ್ಕೆ. ಹನ್ನೊಂದು ಹೆಸರಿನ ಮುಂದೆ ಒಂದೇ ಮಾತು: "ಬಿಟ್ಟಿದೆ." ಕೊಟ್ಟಿದ್ದನ್ನು ತಿರುಗಿ ಕೇಳಿಲ್ಲ. ಬಚ್ಚಲ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ. ಹಗೇವು ಖಾಲಿ ಇದೆ ಅಂತ ಬೇಸರ ಮಾಡಿಕೊಂಡು ಹೋದರಲ್ಲ, ಅದು ಯಾಕೆ ಖಾಲಿಯಾಯಿತು ಅಂತ ಈ ಹಾಳೆಯಲ್ಲಿ ಬರೆದಿದೆ. ಆ ಗುಂಪಿನಲ್ಲಿ ನಿಂತಿದ್ದ ಇಬ್ಬರು ಮೂವರ ಅಜ್ಜ, ಅಜ್ಜಿಯರ ಹೆಸರು ಅದರಲ್ಲಿವೆ.

ತಮ್ಮ, ಅದೇ ಕಾಕಾನ ಮಗ, ಅಂದ, "ಅಕ್ಕಾ, ನೀನು ಹುಬ್ಬಳ್ಳಿಯೊಳಗ ಆರಾಮ ಇದ್ದೀ. ಮಾಳಿಗಿ ಸೋರೋದು ನನಗ ಗೊತ್ತು." ಖರೇ. 2019ರ ಆಗಸ್ಟಿನ ಮಳೆಗೆ ಅವನ ಹಿತ್ತಲ ಗೋಡೆ ಬಿದ್ದಿತ್ತು. ಗೆದ್ದಲು, ಚೇಳು, ವರ್ಷ ವರ್ಷ ಮಾಳಿಗೆಗೆ ಮಣ್ಣು ಹಾಕುವ ಖರ್ಚು. ಮನೆ ಕೆಡವಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಹೊಸ ಮನೆ ಕಟ್ಟಿಕೊಳ್ಳಲಿ, ಅವನ ಹೆಂಡತಿ ಮಕ್ಕಳು ಒಣಗಿದ ಕೋಣೆಯಲ್ಲಿ ಮಲಗಲಿ. ನಾನು ಕೇಳುವುದು ಒಂದು ದಿನ. ಜೆಸಿಬಿ ಬರುವುದಕ್ಕಿಂತ ಒಂದು ದಿನ ಮೊದಲು ಗೂಡು, ಮಾಡ, ಅಟ್ಟ ಎಲ್ಲ ನೋಡಿ. ಸಿಕ್ಕಿದ ಕಾಗದ ಒಂದು ಕಡೆ ಇಡಿ. ಓದಲು ಬರದಿದ್ದರೆ ಓದುವವರಿಗೆ ತೋರಿಸಿ. ಇದಕ್ಕೆ ಮಾಳಿಗೆ ಸೋರುವುದು ಅಡ್ಡ ಬರುತ್ತದಾ?

ಇನ್ನೊಂದು ಭಯ ಜನರಿಗೆ. ಏನಾದರೂ ಸಿಕ್ಕರೆ ಸರ್ಕಾರ ಒಯ್ಯುತ್ತದೆ ಅಂತ. ನಿಧಿಯ ಕಾಯ್ದೆ ಬ್ರಿಟಿಷರ ಕಾಲದ್ದು, 1878ರದ್ದು. ನಮ್ಮ ರಾಜ್ಯದ್ದೇ ಬೇರೆ ಕಾಯ್ದೆ 1962ರಲ್ಲಿ ಬಂತು. ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಲೇಬೇಕು, ಅದು ಸರಿಯೇ. ಆದರೆ ಅಜ್ಜನ ಲೆಕ್ಕದ ಹಾಳೆಯನ್ನು ಒಯ್ಯಲು ಯಾರೂ ಬರುವುದಿಲ್ಲ. ಬಂಗಾರಕ್ಕೆ ಕಳ್ಳರಿದ್ದಾರೆ, ಕಾಯ್ದೆ ಇದೆ, ಅಂಜನ ಹಾಕಿ ನೋಡುವವರೂ ಇದ್ದಾರೆ. ಕಾಗದಕ್ಕೆ ಮನೆಯವರು ಬಿಟ್ಟರೆ ಯಾರಿದ್ದಾರೆ?

ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟು ತಂದು ಕೊಟ್ಟಿದ್ದರು. 1905ರಲ್ಲಿ ಅಲ್ಲಿನ ಗ್ರಂಥಪಾಲ ಶಾಮಶಾಸ್ತ್ರಿಗಳು ಅದನ್ನು ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗೊತ್ತಾಯಿತು, 1909ರಲ್ಲಿ ಅಚ್ಚಾಯಿತು. ಆ ಪಂಡಿತರು ಅದನ್ನು ಒಲೆಗೆ ಹಾಕಿದ್ದರೆ? ನಮ್ಮ ಗೂಡಿನಲ್ಲಿ ಅರ್ಥಶಾಸ್ತ್ರ ಇರಲಿಕ್ಕಿಲ್ಲ. ಆದರೆ ಓದದೆ ಸುಟ್ಟರೆ ಏನಿತ್ತು ಅಂತ ಹೇಳುವುದು ಹೇಗೆ?

ನನಗೆ ಇಷ್ಟು ಉರಿಯುವುದಕ್ಕೆ ಕಾರಣ ಇದೆ. ಇದುವರೆಗೆ ಎಲ್ಲೂ ಬರೆದಿಲ್ಲ. 2008ರಲ್ಲಿ ನಮ್ಮ ಪಾಲಿನ ಮನೆ ಕೆಡವಿದಾಗ ನಿಂತು ಮಾಡಿಸಿದವಳು ನಾನೇ. ಅಟ್ಟದ ಮೇಲೆ ತುಕ್ಕು ಹಿಡಿದ ಕಬ್ಬಿಣದ ಪೆಟ್ಟಿಗೆ ಇತ್ತು. ಕೀಲಿ ಸಿಗಲಿಲ್ಲ. ರಜೆ ಮುಗಿಯುತ್ತಾ ಬಂದಿತ್ತು, ಹಾಗೇ ಗುಜರಿಯವನಿಗೆ ತೂಕಕ್ಕೆ ಕೊಟ್ಟೆ. ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, "ಆ ಪೆಟಗಿ ಎಲ್ಲಿಟ್ಟೀಯವಾ?" ಅವಳ ಅಪ್ಪ ಬರೆದ ಪತ್ರಗಳು ಅದರಲ್ಲಿದ್ದವಂತೆ. ಮರುದಿನ ಗುಜರಿ ಅಂಗಡಿಗೆ ಓಡಿದೆ, ಎಲ್ಲ ಹೋಗಿತ್ತು. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಸಾಯುವವರೆಗೂ ಆ ಪೆಟ್ಟಿಗೆಯ ಸುದ್ದಿ ತೆಗೆಯಲಿಲ್ಲ.

ಈಗ ಉಳಿದ ಹಾಳೆಗಳನ್ನು ಫ್ಯಾನ್ ಹಾಕದೆ, ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ ಹರಡಿದ್ದೇನೆ. ಮುಂದಿನ ವಾರ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಿ ಕೇಳಿ ಬರುತ್ತೇನೆ. ನಿಮ್ಮ ಪೈಕಿ ಮೋಡಿ ಓದಲು ಬರುವವರಿದ್ದರೆ ದಯವಿಟ್ಟು ಹೇಳಿ, ಫೋಟೋ ಕಳಿಸುತ್ತೇನೆ.

ಹಗೇವನ್ನು ಗುರುವಾರ ಮುಚ್ಚುತ್ತಾರೆ, ಅಲ್ಲಿ ಪಾಯ ಬರಬೇಕು. ಅಲ್ಲಿಯವರೆಗೆ ತಡಿ ಅಂತ ತಮ್ಮನಿಗೆ ಕೈ ಮುಗಿದು ಹೇಳಿದ್ದೇನೆ, ಒಪ್ಪಿದ್ದಾನೆ. ನಾಳೆ ಅಳತೆ ಟೇಪು, ಹಗ್ಗ, ಕಂದೀಲು ತೆಗೆದುಕೊಂಡು ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ. ಅಜ್ಜನ ಹಾಳೆಯ ನಕಲನ್ನೂ ಒಯ್ಯುತ್ತಿದ್ದೇನೆ. ಆ ಹೆಸರಿನವರ ಮನೆಗಳಿಗೆ ಹೋಗಿ ತೋರಿಸಬೇಕು.